ಕೆಂಪು ಸೀರೆಯ ಮೇಲಿನ ಮುತ್ತುಗದೆಲೆ

ಧಾರವಾಡ,
ತಾರಣ ಸಂವತ್ಸರ, ಭಾದ್ರಪದ ಬಹುಳ ಸಪ್ತಮಿ, ಶನಿವಾರ
(೯-೯-೧೯೪೪)

ತೀರ್ಥಸ್ವರೂಪರಾದ ಅಣ್ಣನವರ ಪಾದಗಳಲ್ಲಿ ತಮ್ಮ ಯಜ್ಞೇಶ್ವರನು ತಲೆಯಿಟ್ಟು ಬರೆಯುವ ಪತ್ರ.

ನಿಮ್ಮ ಮೊಣಕಾಲು ಈ ಮಳೆಗಾಲದಲ್ಲಿ ಹೇಗಿದೆ? ಔಡಲೆಣ್ಣೆ ಕಾಯಿಸಿ ತಿಕ್ಕಿಸಿಕೊಳ್ಳುವುದನ್ನು ನೀವು ಬಿಟ್ಟುಬಿಟ್ಟಿರುವಿರೆಂದು ವೈನಿಯವರು ಬರೆಸಿದ್ದಾರೆ. ಚಿಕ್ಕಂದಿನಲ್ಲಿ ನನ್ನ ಕಾಲಿನ ಹುಣ್ಣಿಗೆ ಬೇವಿನ ರಸ ಹಚ್ಚುವಾಗ, ನಾನು ಅತ್ತರೂ ಬಿಡದೆ ಹಿಡಿದು ಕೂರಿಸಿದವರು ನೀವು. ಆದುದರಿಂದ ಔಷಧದ ವಿಷಯದಲ್ಲಿ ನಿಮಗೆ ನಾನು ದಯೆ ತೋರಿಸಲಾರೆ. ದಿನವೂ ತಿಕ್ಕಿಸಿಕೊಳ್ಳಿರಿ. ವೈನಿಯವರ ಕಣ್ಣಿನ ನೀರು ನಿಂತಿತೇ? ಕೃಷ್ಣೆಯ ಮಹಾಪೂರ ಇಳಿದು ಜಮಖಂಡಿಯ ಹಾದಿಗಳು ತೆರೆದಿವೆಯೆಂದು ಕೇಳಿ ಸಮಾಧಾನವಾಯಿತು. ಇಲ್ಲಿ ನಾವೆಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಆದರೆ ಕನ್ನಡ ಸಾಲೆಯ ಮಕ್ಕಳಿಗೆ ಪತ್ರಲೇಖನ ಕಲಿಸುವಾಗ, ಈ ಶಬ್ದವನ್ನು ವಿಚಾರಿಸದೆ ಬರೆಯಬಾರದೆಂದು ಹೇಳುತ್ತಿದ್ದವನು ನಾನು. ಹೀಗಾಗಿ ಇಷ್ಟನ್ನೇ ಬರೆಯುತ್ತೇನೆ: ನನಗೂ, ನಮ್ಮಿಬ್ಬರಿಗೂ ಹಿರಿಯಳಾದ ಗೋದಕ್ಕನಿಗೂ, ಸೊಸೆ ಇಂದುವಿಗೂ ಶರೀರ ನೆಟ್ಟಗಿದೆ.

ಇನ್ನು ವಿಷಯ. ಪಂಚಮಿಯ ದಿನ ನಡೆಯಬೇಕಾಗಿದ್ದ ಕಾರ್ಯ ನಡೆಯಲಿಲ್ಲ. ನೀವು ಬರೆದುದನ್ನು ನಾನು ತಪ್ಪಾಗಿ ಗ್ರಹಿಸಿಲ್ಲವೆಂಬುದಕ್ಕೆ ನಿಮ್ಮ ಅಪ್ಪಣೆಯನ್ನೇ ಮತ್ತೊಮ್ಮೆ ಇಲ್ಲಿ ಬರೆಯುತ್ತೇನೆ. ನನ್ನ ಮಗ ರಮಾಕಾಂತ ದಂಡಿನ ಕಚೇರಿಯ ಕಾರಕೂನನಾಗಿ ಮಲಾಯಕ್ಕೆ ಹೋದನು. ಸಿಂಗಾಪುರ ಜಪಾನಿಯರ ವಶವಾದಂದಿನಿಂದ ಅವನ ಅಕ್ಷರವನ್ನು ನಾವು ಕಂಡಿಲ್ಲ. ಸರಕಾರದವರು 'ಪತ್ತೆಯಿಲ್ಲ' ಎಂಬುದಕ್ಕಿಂತ ಹೆಚ್ಚು ಹೇಳುವುದಿಲ್ಲ. ಅವನಿದ್ದ ಕಟ್ಟಡ ಬಾಂಬಿಗೆ ಕುಸಿದುದನ್ನು ಕಂಡವನೊಬ್ಬ ಹುಬ್ಬಳ್ಳಿಗೆ ಮರಳಿ ಬಂದಿದ್ದಾನೆ. ಆದುದರಿಂದ ಅವನು ಹೋದನೆಂದೇ ತಿಳಿಯತಕ್ಕದ್ದು; ದೇಹ ಸಿಕ್ಕದವರಿಗೆ ಶಾಸ್ತ್ರ ಹೇಳಿದಂತೆ ಮುತ್ತುಗದೆಲೆಗಳಿಂದ ಅವನ ಆಕಾರ ಮಾಡಿ, ತಂದೆಯಾದ ನಾನು ಅದಕ್ಕೆ ಬೆಂಕಿ ಇಡತಕ್ಕದ್ದು. ಆಯುಧದಿಂದ ಸತ್ತವರಿಗೆ ಪಿಂಡವಿಡುವ ಘಾತಚತುರ್ದಶಿಯ ಹೊತ್ತಿಗೆ ಅವನಿಗೂ ನೀರು ಮುಟ್ಟಬೇಕು. ಕೊನೆಗೆ ನೀವು ಬರೆದ ಮಾತು: ಮುಂದಿನದನ್ನು ಗೋದಕ್ಕ ನೋಡಿಕೊಳ್ಳಲಿ. ನಾನು 'ಆಗಲಿ' ಎಂದು ಉತ್ತರ ಬರೆದೆ. ಇಂದುವಿಗೆ ಆ ದಿನ ಬೆಳಿಗ್ಗೆ ಹೇಳಿದರಾಯಿತೆಂದು ಗೋದಕ್ಕ ಅಂದಾಗ ಅದಕ್ಕೂ ಸುಮ್ಮನಿದ್ದೆ. 'ಮುಂದಿನದು' ಎಂದರೆ ಏನೆಂಬುದು ನಮಗೆ ಮೂವರಿಗೂ ಗೊತ್ತಿತ್ತು. ಕುಂಕುಮ, ಬಳೆ, ತಾಳಿ, ತಲೆಗೂದಲು. ಆಮೇಲೆ ಗೋದಕ್ಕ ಉಡುವಂಥದೇ ಅಂಚಿಲ್ಲದ, ಸೆರಗಿಲ್ಲದ ಬರಿಯ ಕೆಂಪು ಸೀರೆ. ಇಷ್ಟೆಲ್ಲ ಯಾರ ಮೇಲೆ ಬರುವುದಿತ್ತೋ ಅವಳೊಬ್ಬಳಿಗೇ ಗೊತ್ತಿರಲಿಲ್ಲ.

ನೀವು ಕಠಿಣ ಹೃದಯದಿಂದ ಬರೆದಿರೆಂದು ನಾನು ಒಂದು ಕ್ಷಣವೂ ಭಾವಿಸಿಲ್ಲ. ರಮಾಕಾಂತನ ಮುಂಜಿಯಲ್ಲಿ ನನಗೆ ಜ್ವರ ಬಂದು ಮಲಗಿದಾಗ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಗಾಯತ್ರಿಯನ್ನು ಅವನ ಕಿವಿಯಲ್ಲಿ ಹೇಳಿದವರು ನೀವು. ಪಕ್ಷಮಾಸದಲ್ಲಿ ಎಲ್ಲ ಹಿರಿಯರಿಗೂ ನೀರು ಬಿಡುವಾಗ ಆ ಹುಡುಗನೊಬ್ಬನು ಬಾಯಾರಿ ಹೊಸ್ತಿಲ ಹೊರಗೆ ನಿಂತಂತೆ ನಿಮಗೆ ಕಾಣಿಸುತ್ತದೆಂದು ಬರೆದಿರಿ. ಆ ಸಾಲನ್ನು ಓದಿ ನಾನು ಪತ್ರವನ್ನು ಮಡಿಸಿಟ್ಟು ಹಿತ್ತಲಿಗೆ ಹೋಗಿ ನಿಂತೆ. ಆದರೆ ಒಂದು ಸಂಗತಿಯನ್ನು ನಿಮ್ಮ ಲಕ್ಷ್ಯಕ್ಕೆ ತರಬೇಕು. ನಿಮಗೆ ಸುದ್ದಿ ಮುಟ್ಟಿಸಿದವರು ಅದನ್ನು ಅರ್ಧವೇ ಮುಟ್ಟಿಸಿದ್ದಾರೆ. ಮರಳಿ ಬಂದ ಆ ಮನುಷ್ಯ, ದಂಡಿನ ಮೋಟಾರು ನಡೆಸುತ್ತಿದ್ದ ಅಲ್ಲಾಸಾಬ, ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿರುತ್ತಾನೆ. ನಾನೇ ಹೋಗಿ ಅವನನ್ನು ವಿಚಾರಿಸಿದೆ. ಒಂದೇ ಪ್ರಶ್ನೆಯನ್ನು ನಾಲ್ಕು ಬಗೆಯಾಗಿ ಕೇಳಿದೆ. ನನ್ನ ಸ್ವಭಾವ ನಿಮಗೆ ತಿಳಿದೇ ಇದೆ. ಪಾಪ, ಅವನು ಬೇಸರಿಸದೆ ಹೇಳಿದ: "ಮಾಸ್ತರ್ರ, ಮನಿ ಬಿದ್ದದ್ದು ನೋಡೀನ್ರಿ. ಅದರಾಗ ಅವರಿದ್ದದ್ದು ನೋಡಿಲ್ರಿ. ಖುದಾನ ಆಣಿ, ನೋಡಿಲ್ಲದ್ದು ಹ್ಯಾಂಗ ಹೇಳ್ಲಿ?" ಇದು ಸಾಕ್ಷಿಯಲ್ಲ. ಸಾಕ್ಷಿಯಿಲ್ಲದಿದ್ದರೆ ಶಾಸ್ತ್ರವೇ ವರ್ಷಗಟ್ಟಲೆ ಕಾಯಲು ಹೇಳುತ್ತದೆ. ಇದೆಲ್ಲ ನನಗೆ ಮೊದಲೇ ತಿಳಿದಿತ್ತು. ತಿಳಿದೂ 'ಆಗಲಿ' ಎಂದು ಬರೆದೆನಲ್ಲ, ಅಣ್ಣ, ಅದು ಕಾಯುವ ಶಕ್ತಿ ಕುಂದಿದವನು ಬರೆದ ಉತ್ತರ. ಪ್ರತಿದಿನ ಟಪಾಲಿನವನ ಹೆಜ್ಜೆಗೆ ಎದ್ದು ಕೂರುವುದಕ್ಕಿಂತ ಒಮ್ಮೆ ಅತ್ತು ಮುಗಿಸುವುದು ಮೇಲು ಎನ್ನಿಸಿತ್ತು.

ಕಾರ್ಯ ಏಕೆ ನಿಂತಿತೆಂದು ಹೇಳಬೇಕಾದರೆ ಇಂದುವಿನ ಬಣ್ಣದ ಕೆಲಸವನ್ನು ಮೊದಲು ಹೇಳಬೇಕು. ನೀವು ಅದನ್ನು ಕಂಡಿಲ್ಲ, ಕಳೆದ ಸಲ ಬಂದಾಗ ಹಿತ್ತಲಿನ ಗಡಿಗೆಗಳನ್ನು ನೋಡಿ, "ಏನಿದು, ಮನ್ಯಾಗ ಬಣ್ಣಗಾರರ ಅಂಗಡಿ ಇಟ್ಟೀರೇನು?" ಎಂದು ನಕ್ಕಿರಿ. ಯುದ್ಧ ಬಂದು ಜರ್ಮನಿಯ ಬಣ್ಣದ ಪುಡಿ ಪೇಟೆಯಿಂದ ಮಾಯವಾದ ಮೇಲೆ, ತವರಿನ ಕಡೆ ನೂಲುವ ತರಗತಿಯಲ್ಲಿ ಕಲಿತ ವಿದ್ಯೆಯನ್ನು ಅವಳು ಹೊರಗೆ ತೆಗೆದಳು. ರೇಶನ್ ಕೂಪನ್ನಿನ ಒರಟು ಬಟ್ಟೆಯನ್ನು ಬೂದಿನೀರಿನಲ್ಲಿ ಕುದಿಸಿ ಒಗೆದು, ಅಳಲೆಕಾಯಿಯ ಕಷಾಯದಲ್ಲಿ ನೆನೆಸಿ ಒಣಗಿಸುತ್ತಾಳೆ. ಆಗ ಅದು ಹಳದಿ ಬೆರೆತ ಮಂಕು ಬಣ್ಣಕ್ಕೆ ಬರುತ್ತದೆ, ನೋಡಿದವರು ಹೊಲಸಾಯಿತೆನ್ನಬೇಕು. ಮುಂದೆ ಆ ಬಟ್ಟೆಗೆ ಪಟಿಕ ಮುಟ್ಟಿದಲ್ಲಿ ಮಂಜಿಷ್ಠೆಯ ಬೇರಿನ ಕೆಂಪು ಹತ್ತುತ್ತದೆ, ಕಬ್ಬಿಣ ಮುಟ್ಟಿದಲ್ಲಿ ಕಪ್ಪು ಹತ್ತುತ್ತದೆ. ಎಲೆಯ ಅಚ್ಚು ಅವಳಿಗೆ ಅಕಸ್ಮಾತ್ತಾಗಿ ಸಿಕ್ಕಿತು. ತುಕ್ಕು ಹಿಡಿದ ಬಕೀಟಿನ ಅಂಚಿಗೆ ಪೇರಲದ ಎಲೆಯೊಂದು ಅಂಟಿತ್ತು. ನೆನೆಸಿದ ಬಟ್ಟೆಯನ್ನು ಅದರ ಮೇಲೆ ಒಣಹಾಕಿದ್ದಳು. ಸಂಜೆ ತೆಗೆದು ನೋಡಿದರೆ ಎಲೆ ತನ್ನ ನರನಾಡಿಗಳ ಸಮೇತ ಬಟ್ಟೆಯ ಮೇಲೆ ಕೂತಿತ್ತು. ಅಂದಿನಿಂದ ಹಳೆಯ ಲಾಳ, ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಹುಳಿ ಬರುವವರೆಗೆ ನೆನೆಯಿಟ್ಟು, ಎಲೆಗಳನ್ನು ಅದರಲ್ಲಿ ಅದ್ದಿ ಬಟ್ಟೆಯ ಮೇಲೆ ಹರಡಿ, ಬಟ್ಟೆಯನ್ನು ಕೋಲಿಗೆ ಬಿಗಿಯಾಗಿ ಸುತ್ತಿ, ಹುರಿಯಿಂದ ಕಟ್ಟಿ, ಕಡುಬು ಬೇಯಿಸುವಂತೆ ಉಗಿಯಲ್ಲಿ ಬೇಯಿಸುತ್ತಾಳೆ. ಹುರಿ ಬಿಚ್ಚುವಾಗ ಅವಳು ಉಸಿರು ಹಿಡಿದಿರುತ್ತಾಳೆ, ನಾನೂ ಹಿಡಿದಿರುತ್ತೇನೆ. ಎಲೆಯ ಬೆನ್ನಿನ ಮಗ್ಗಲು ಬಟ್ಟೆಗೆ ತಾಗಬೇಕು, ಇಲ್ಲದಿದ್ದರೆ ನರಗಳು ಮೂಡವು. ಹುಳ ತಿಂದ ಎಲೆ ಸಲ್ಲದು, ತೊಟ್ಟು ಮುರಿದುದು ಸಲ್ಲದು. ಪಾಟಿಯ ಮೇಲಿನ ಅಕ್ಷರಗಳನ್ನು ನೋಡುತ್ತಿದ್ದಂತೆಯೇ ನಾನು ಒಂದೊಂದು ಎಲೆಯನ್ನೂ ನೋಡಿ ತಪ್ಪು ತೆಗೆಯುತ್ತೇನೆ. "ಮಾಮಾ, ನಿಮ್ಮ ಕಡಿಂದ ಪಾಸಾಗೋದಕ್ಕಿಂತ ಮುಲ್ಕೀ ಪರೀಕ್ಷಾ ಛಲೋ" ಎಂದು ಅವಳು ಗೊಣಗುವುದುಂಟು. ಅವಳು ಆ ಗೊಣಗಾಟದಿಂದಲೇ ಈ ಮನೆಯಲ್ಲಿ ಉಸಿರಾಡುತ್ತಿದ್ದಳೆಂದು ಈಗ ತಿಳಿಯುತ್ತದೆ. ಗಂಡನ ಮಾತನ್ನು ಆಡಲು ಅವಳಿಗೆ ಎಡೆಯಿರಲಿಲ್ಲ; ಎಲೆಗಳ ಮಾತನ್ನಾಡುತ್ತಿದ್ದಳು.

ಗೋದಕ್ಕನ ಕೆಂಪು ಸೀರೆಗೂ ಈಗ ಬಣ್ಣ ಹಾಕುವವಳು ಇಂದುವೇ. "ಇನ್ನೂ ಗಾಢ ಆಗ್ಲಿ, ಇದೇನು ಕುಂಬಳಕಾಯಿ ಬಣ್ಣ ಬಂದದಲ್ಲ" ಎಂದು ಅಕ್ಕ ಪ್ರತಿ ಸಲ ಬೈಯುತ್ತಾಳೆ, ಪ್ರತಿ ಸಲ ಅದನ್ನೇ ಉಡುತ್ತಾಳೆ. ಈ ಸಲ ಅಕ್ಕ ಎರಡು ಸೀರೆಗಳನ್ನು ಕೊಟ್ಟಳು. ಒಂದು ತನ್ನದು, ಇನ್ನೊಂದು ಯಾರಿಗೆಂದು ಇಂದು ಕೇಳಿದಳು. "ನವರಾತ್ರಿಯೊಳಗ ಒಬ್ಬಾಕಿಗೆ ಬೇಕಾಗ್ತದ. ಕೆಂಪ ಮಾಡು, ಹೆಚ್ಚು ಕೇಳಬ್ಯಾಡ" ಎಂದಳು ಅಕ್ಕ. ನಾನು ಆಗ ಪಡಸಾಲೆಯಲ್ಲಿ ಪಂಚಾಂಗ ಹಿಡಿದು ಕುಳಿತಿದ್ದೆ. ಮಾತು ಕಿವಿಗೆ ಬಿತ್ತು. ಯಾರ ಸೀರೆಗೆ ಯಾರಿಂದ ಬಣ್ಣ ಹಾಕಿಸಲಾಗುತ್ತಿದೆಯೆಂದು ಹೊಳೆಯಿತು. ಪುಟ ತಿರುವಿದೆ.

ಚೌತಿಯ ಬೆಳಿಗ್ಗೆ ನಮ್ಮ ಪುರೋಹಿತರಾದ ನರಹರಿ ಭಟ್ಟರು ಸತ್ತೂರಿನ ಕಡೆಯ ಹೊಲದ ಬದುಗಳಿಂದ ಮುತ್ತುಗದೆಲೆಗಳನ್ನು ತಂದರು. ಹುಳುಕಿಲ್ಲದ, ತೊಟ್ಟು ಮುರಿಯದ ಎಲೆಗಳನ್ನೇ ಶಾಸ್ತ್ರಕ್ಕೆ ಬೇಕಾದಷ್ಟು ಆರಿಸಿ, ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಹಿತ್ತಲಿನ ತುಳಸಿಯ ಮಗ್ಗುಲಲ್ಲಿ ಇಟ್ಟುಹೋದರು. ಇದೇನೆಂದು ಇಂದು ಕೇಳಿದಾಗ ಗೋದಕ್ಕ, "ಪಕ್ಷಮಾಸ ಅಲ್ಲೇನ? ಪತ್ರಾಳಿ ಹಚ್ಚಲಿಕ್ಕೆ" ಎಂದುಬಿಟ್ಟಳು. ಇಂದು ನಂಬಿದಳು, ಊಟದ ಪತ್ರಾಳಿಯೂ ಮುತ್ತುಗದ ಎಲೆಯದೇ ಅಲ್ಲವೇ? ಮಧ್ಯಾಹ್ನ ನಾನು ಊಟ ಮಾಡಿ ಅಡ್ಡಾದೆ, ಗೋದಕ್ಕ ಭಟ್ಟರ ಮನೆಗೆ ಸಾಮಗ್ರಿಯ ವಿಷಯ ಕೇಳಲು ಹೋದಳು. ಹೊತ್ತಿಳಿದ ಮೇಲೆ ಎದ್ದು ಹಿತ್ತಲಿಗೆ ಬಂದರೆ ಒಲೆಯ ಮೇಲಿನ ಹಂಡೆಯಿಂದ ಹುಳಿ ವಾಸನೆಯ ಉಗಿ ಏಳುತ್ತಿತ್ತು; ತಟ್ಟು ಬರಿದಾಗಿ ಬಿದ್ದಿತ್ತು; ಒಣಗಿಸುವ ಹಗ್ಗದ ಮೇಲೆ ಆ ಎರಡನೆಯ ಸೀರೆ ಹರಡಿತ್ತು. ಸೀರೆಯ ಮೈಬಣ್ಣ ಕೆಂಪು. ಅದರ ಮೇಲೆ ಒಡಲಿನುದ್ದಕ್ಕೂ ಮುತ್ತುಗದ ಮೂರು ಮೂರು ಎಲೆಗಳ ಗೊಂಚಲು, ಕಡು ಕಪ್ಪಿನಲ್ಲಿ, ಒಂದು ನರವೂ ತಪ್ಪದಂತೆ. ಎರಡೂ ಬದಿಗೆ ಎಲೆಯ ತುದಿಗಳನ್ನು ಸಾಲಾಗಿ ಜೋಡಿಸಿ ಅಂಚು ಮಾಡಿದ್ದಳು. ಸೆರಗಿಗೆ ದೊಡ್ಡ ಎಲೆಗಳನ್ನೇ ಕಾದಿರಿಸಿದ್ದಳು. ಅಣ್ಣ, ತಪ್ಪು ತೆಗೆಯಲು ಹುಡುಕಿದೆ. ಒಂದೂ ಸಿಕ್ಕಲಿಲ್ಲ. ಅವಳು ಮೊಣಕೈವರೆಗೆ ಕೆಂಪಾದ ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು, ಫಲಿತಾಂಶಕ್ಕೆ ಕಾದ ಹುಡುಗಿಯಂತೆ ನಿಂತಿದ್ದಳು.

ಅಷ್ಟರಲ್ಲಿ ಗೋದಕ್ಕ ಹಿತ್ತಲ ಬಾಗಿಲಿನಿಂದ ಒಳಗೆ ಬಂದಳು. ಸೀರೆಯನ್ನು ನೋಡಿದಳು, ತಟ್ಟನ್ನು ನೋಡಿದಳು. "ಏನ ಮಾಡೀದಿ? ಹುಚ್ಚಿ, ಏನ ಮಾಡೀದಿ ಇದು?" ಎಂದು ಕೂಗಿದಳು. ಇಂದು ಹೆದರಲಿಲ್ಲ, ಅಕ್ಕನ ಕೂಗು ಅವಳಿಗೆ ಹೊಸದಲ್ಲ. "ಸಿಟ್ಟಾಗಬ್ಯಾಡ್ರಿ ಅತ್ಯಾ. ನವರಾತ್ರಿಗೆ ಕೊಡೋದು ಅಂದ್ರಿ. ಮುತ್ತೈದಿಗೆ ಬರೇ ಕೆಂಪ ಕೊಟ್ರ ಛಲೋ ಕಾಣಸ್ತದೇನ್ರಿ? ಅಂಚರೆ ಇರಲಿ ಅಂತ ಎಲಿ ಹಾಕಿದೆ. ಪತ್ರಾಳಿಗೆ ನಾಳೆ ಬ್ಯಾರೆ ಎಲಿ ತರಸೋಣ" ಎಂದಳು. ಮುತ್ತೈದಿಗೆ ಎಂಬ ಮಾತು ಬಿದ್ದೊಡನೆ ಗೋದಕ್ಕನ ಬಾಯಿ ಅವಳ ಅಂಕೆ ಮೀರಿತು. "ಪತ್ರಾಳಿ ಎಲ್ಲೀದ? ಸುಡೋ ಎಲಿ ಅವು! ರಮಾಕಾಂತನ ಹೆಸರಲೆ ತಂದದ್ದು!" ಎಂದುಬಿಟ್ಟಳು. ಇಂದು ಮೊದಲು ಒಲೆಯ ಕಡೆ ಹೋಗಿ ಉರಿಯುವ ಕಟ್ಟಿಗೆಯನ್ನು ಹಿಂದಕ್ಕೆಳೆದಳು, ಬಣ್ಣ ಸೀಯಬಾರದೆಂದು. ಬಳಿಕ ನನ್ನ ಕಡೆ ತಿರುಗಿದಳು. "ಅವರನ್ನ ಸುಡಲಿಕ್ಕೇನ್ರಿ, ಮಾಮಾ?" ನಾನು ಬರಿದಾದ ತಟ್ಟನ್ನು ಎತ್ತಿ ಮಡಿಸತೊಡಗಿದೆ. "ಹಂಗಾರ ಈ ಸೀರಿ ನನಗೇನ್ರಿ?" ಒಂದು ಜೀವಮಾನವೆಲ್ಲ ಮಕ್ಕಳನ್ನು ಎದ್ದು ನಿಲ್ಲಿಸಿ ಉತ್ತರ ಕೇಳಿದವನು, ಅವಳ ಮುಂದೆ ಕೆಳಗೆ ನೋಡುತ್ತ ನಿಂತೆ.

ಅವಳು ಅಳುತ್ತಾಳೆಂದು ಕಾದೆವು. ಅಳಲಿಲ್ಲ. ಒಳಗೆ ಹೋಗಿ ಮುಖ ತೊಳೆದು ಹೊಸದಾಗಿ ಕುಂಕುಮ ಹಚ್ಚಿಕೊಂಡು ಬಂದು ನನ್ನೆದುರಿಗೆ ಕುಳಿತಳು. ಈ ಮನೆಗೆ ಬಂದಾಗಿನಿಂದ ನನ್ನೆದುರಿಗೆ ಅವಳು ಕುಳಿತುದು ಅದೇ ಮೊದಲು. "ಮಾಮಾ, ಒಂದು ಕೇಳ್ತೀನಿ, ಖರೇ ಹೇಳ್ರಿ. ಸಾಲ್ಯಾಗ ಹುಡುಗ ಬರಲಿಲ್ಲಂದ್ರ ನೀವೇನು ಮಾಡ್ತಿದ್ರಿ? ಹೆಸರು ಹೊಡದು ಹಾಕ್ತಿದ್ರ್ಯಾ?" ಎಂದಳು. ಗೈರುಹಾಜರಿ ಹಾಕುತ್ತಿದ್ದೆ ಎಂದೆ. "ಎಷ್ಟು ದಿವಸ?" ಅವನ ಮನೆಗೆ ಹೋಗಿ ನಾನೇ ಕಣ್ಣಾರೆ ನೋಡಿ ಬರುವ ತನಕ ಎಂದೆ. ಇದು ನಿಜ, ಅಣ್ಣ. ಪ್ಲೇಗಿನ ವರ್ಷಗಳಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿದ್ದಾಗಲೂ ರಾಯಾಪುರದವರೆಗೆ ನಡೆದುಹೋಗಿ ನನ್ನ ಹುಡುಗರನ್ನು ಹುಡುಕಿದ್ದೇನೆ. ಕೇಳಿದವರ ಮಾತಿನ ಮೇಲೆ ಒಂದು ಹೆಸರನ್ನೂ ಹೊಡೆದಿಲ್ಲ. "ಸಾಲೀ ಹುಡುಗರಿಗೆ ಇಷ್ಟು ಮಾಡಿದ್ರಿ," ಎಂದಳು ಇಂದು, ಅಷ್ಟೇ. ವಾಕ್ಯವನ್ನು ಪೂರ್ತಿ ಮಾಡಲಿಲ್ಲ. ಅಪೂರ್ಣ ವಾಕ್ಯವನ್ನು ನಾನು ಯಾರಿಗೂ ಕ್ಷಮಿಸಿದವನಲ್ಲ. ಆ ಹೊತ್ತು ಅದು ಪೂರ್ತಿಯಾಗದಿರಲೆಂದು ದೇವರನ್ನು ಬೇಡಿಕೊಂಡೆ.

ಪಂಚಮಿಯ ಮುಂಜಾನೆ ಭಟ್ಟರು ಬಂದಾಗ ಎಲೆಗಳಿಲ್ಲವೆಂದು ಹೇಳಿ ಕಳಿಸಿದೆ. ಅದು ನೆಪವಾಗಿತ್ತು. ಈಗ ನೆಪವಿಲ್ಲದೆ ಬರೆಯುತ್ತೇನೆ: ನಾನು ಈ ಕಾರ್ಯವನ್ನು ಮಾಡುವುದಿಲ್ಲ. ಚತುರ್ದಶಿಯೊಳಗೆ ಮಾಡುವುದಿಲ್ಲ, ಬರುವ ವರ್ಷವೂ ಮಾಡುವುದಿಲ್ಲ. ಯುದ್ಧ ಮುಗಿದು, ಸೆರೆಯಲ್ಲಿರುವವರೆಲ್ಲ ಬಂದು, ನನ್ನ ಮಗ ಬರಲಿಲ್ಲವೆಂಬುದು ಸಿದ್ಧವಾಗುವವರೆಗೆ ಮಾಡುವುದಿಲ್ಲ. ನಿಮ್ಮ ಮಾತನ್ನು ಮೀರಿ ನಾನು ಏನನ್ನೂ ಮಾಡಿದವನಲ್ಲ. ಮುಲ್ಕೀ ಪಾಸಾದ ಮೇಲೆ ನಾನು ಕಚೇರಿಗೆ ಸೇರುತ್ತೇನೆಂದಾಗ ನೀವು ಸಾಲೆಗೆ ಕಳಿಸಿದಿರಿ, ಹೋದೆ. ಮದುವೆಯಾಗೆಂದಿರಿ, ಆದೆ. ಇದೊಂದನ್ನು ಮೀರುತ್ತಿದ್ದೇನೆ. ಸಿಟ್ಟು ಬಂದರೆ ಅದನ್ನು ನನ್ನ ಮೇಲೆ ಇಡಿರಿ, ಹುಡುಗಿಯ ಮೇಲೆ ಇಡಬೇಡಿರಿ. ಅವಳು ತಿಳಿಯದೆ ಮಾಡಿದಳು. ತಿಳಿಸದೆ ಇದ್ದವರು ನಾವು.

ಗೋದಕ್ಕನ ಮನಸ್ಸು ನನಗೆ ತಿಳಿಯದು. ಅವಳು ಇನ್ನೂ ನಿಮ್ಮ ಪಕ್ಷದಲ್ಲಿಯೇ ಇದ್ದಾಳೆಂದು ಬರೆಯುವುದು ನ್ಯಾಯ. "ನನಗಾದದ್ದು ಅಕಿಗೂ ಆಗ್ತದ. ಅದರಾಗೇನು? ನಾ ಬದುಕಿಲ್ಲೇನು?" ಎಂದು ನಿನ್ನೆಯೂ ಅಂದಳು. ಅವಳು ಬದುಕಿದ್ದಾಳೆ, ನಿಜ. ಗಂಡನ ಮುಖ ನೆನಪಿಲ್ಲದ ವಯಸ್ಸಿನಿಂದ ಆ ಕೆಂಪನ್ನು ಉಟ್ಟು ಬದುಕಿದ್ದಾಳೆ. ಆದರೆ ಒಂದನ್ನು ಕಂಡೆ. ನಿನ್ನೆ ಮಧ್ಯಾಹ್ನ ಹಗ್ಗದ ಮೇಲೆ ಆ ಸೀರೆ ಇನ್ನೂ ಇತ್ತು. ಅದನ್ನು ಮಡಚಿಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಅಕ್ಕ ಮಡಿಯಲ್ಲಿದ್ದಳು. ಮಡಿಯಲ್ಲಿ ನನ್ನ ಪಂಚೆಯ ನೆರಳಿಗೂ ಸರಿದು ನಿಲ್ಲುವವಳು, ಮೈಲಿಗೆಯ ಆ ಬಟ್ಟೆಯ ಹತ್ತಿರ ಹೋಗಿ ಒಂದು ಎಲೆಯ ನಡುನರವನ್ನು ಬೆರಳಿನಿಂದ ತೊಟ್ಟಿನಿಂದ ತುದಿಯವರೆಗೆ ಸವರಿದಳು. ನನ್ನನ್ನು ಕಂಡು, "ಕಪ್ಪು ಗಟ್ಟಿ ಹತ್ತೇದ. ಒಗದ್ರೂ ಹೋಗೂದಿಲ್ಲ" ಎಂದು ಬೈಯುವ ಧ್ವನಿಯಲ್ಲಿಯೇ ಹೇಳಿ, ಮತ್ತೆ ಸ್ನಾನಕ್ಕೆ ಹೋದಳು. ಇದರ ಅರ್ಥವನ್ನು ನಾನು ಮಾಡಹೋಗುವುದಿಲ್ಲ.

ನನ್ನ ಭಯ ಒಂದೇ. ನಾನು ಒಲ್ಲೆನೆಂದರೂ, ಹಿರಿಯರೆಂಬ ಅಧಿಕಾರದಿಂದ ನೀವು ಅಲ್ಲಿಯೇ ಕೃಷ್ಣೆಯ ದಂಡೆಯಲ್ಲಿ ಈ ಕಾರ್ಯವನ್ನು ಮುಗಿಸಬಹುದು. ಹಾಗಾದರೆ ಜಮಖಂಡಿಯಲ್ಲಿ ಬೆಂಕಿ ಹತ್ತಿದ ಗಳಿಗೆಗೇ ಧಾರವಾಡದಲ್ಲಿ ಅವಳ ಕುಂಕುಮ ಅಳಿಯಿತೆಂದು ಬಂಧುಗಳೆಲ್ಲ ಎಣಿಸುತ್ತಾರೆ. ನಾನು ಬಾಗಿಲು ಹಾಕಿಕೊಂಡರೂ ತಡೆಯಲಾರೆ. ಕೈಮುಗಿದು ಕೇಳುತ್ತೇನೆ, ಹಾಗೆ ಮಾಡಬೇಡಿರಿ. ಹುಡುಗ ಬಾಯಾರಿದ್ದಾನೆಂದು ನಿಮ್ಮ ಜೀವ ಕಳವಳಿಸಿದರೆ ಅವನ ಹೆಸರು ಹೇಳದೆ ದಾರಿಹೋಕರಿಗೆ ನೀರು ಕೊಡಿರಿ. ಬದುಕಿದ್ದರೂ ಅವನಿಗೆ ಅದು ಒಳ್ಳೆಯದೇ, ಇಲ್ಲದಿದ್ದರೂ ಒಳ್ಳೆಯದೇ.

ವೈನಿಯವರಿಗೆ ನನ್ನ ನಮಸ್ಕಾರ. ಮನೆಯ ಮಕ್ಕಳಿಗೆ ಆಶೀರ್ವಾದ. ಅವರು ಶುದ್ಧ ಬರೆಹವನ್ನು ದಿನವೂ ಒಂದು ಪುಟ ಬರೆಯುತ್ತಿರಲಿ. ನಿಮ್ಮ ಕೋಪವಾದರೂ ಪತ್ರರೂಪದಲ್ಲಿ ನನಗೆ ಮುಟ್ಟಲಿ, ಮೌನ ಬೇಡ.

ನಿಮ್ಮ ಮಾತನ್ನು ಮೊದಲ ಸಲ ಮೀರಿದ ತಮ್ಮ,
ಯಜ್ಞೇಶ್ವರ

ತಾ. ಕ.: ಲಕೋಟೆ ಅಂಟಿಸುವಷ್ಟರಲ್ಲಿ ಈ ಪ್ರಸಂಗ ನಡೆಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಮನ್ನಿಸಿರಿ. ನರಹರಿ ಭಟ್ಟರು ಹೊಸ ಎಲೆಗಳ ಹೊರೆ ಹೊತ್ತು ಬಾಗಿಲಿಗೆ ಬಂದರು. ಓಣಿಯ ನಾಲ್ಕು ಜನ ಆಗಲೇ ಕಟ್ಟೆಯ ಮೇಲೆ ನೆರೆದಿದ್ದರು. "ಮಾಸ್ತರ, ಈ ಸಲ ನಾನ ನಿಂತು ಆರಿಸಿ ತಂದೀನಿ. ನೀವು ಒಲ್ಲೆ ಅಂದ್ರ ಎಲಿ ತೊಗೊಂಡು ಜಮಖಂಡಿಗೆ ಬಾ ಅಂತ ನಿಮ್ಮಣ್ಣಾವರು ನನಗೂ ಬರದಾರ. ಈಗ ಹೇಳಿಬಿಡ್ರಿ, ಇಲ್ಲೋ, ಅಲ್ಲೋ?" ಎಂದರು. ನಾನು ಒಲ್ಲೆ ಎನ್ನಬೇಕಾಗಿತ್ತು. ಒಲ್ಲೆ ಎಂದರೆ ಅವರು ರೈಲು ಹತ್ತುತ್ತಾರೆ. ಸುಳ್ಳು ಹೇಳಿದ ಹುಡುಗನಿಗೆ ನಾನು ಕೈ ಮುಂದೆ ಮಾಡಿಸಿ ಛಡಿಯಿಂದ ಹೊಡೆಯುತ್ತಿದ್ದುದು ನಿಮಗೆ ಗೊತ್ತು. ಅಣ್ಣ, ಕಟ್ಟೆಯ ಮೇಲಿನವರಿಗೆಲ್ಲ ಕೇಳಿಸುವಂತೆ ಗಟ್ಟಿಯಾಗಿ ಹೇಳಿದೆ: "ಸುದ್ದಿ ಬಂದದ. ರಮಾಕಾಂತ ಜೀವಂತ ಇದ್ದಾನ. ಜಪಾನಿಯವರ ಕೈದ್ಯಾಗ ಇದ್ದಾನ."

ಬಂದಿಲ್ಲ. ಯಾವ ಸುದ್ದಿಯೂ ಬಂದಿಲ್ಲ.

ಭಟ್ಟರು ನಂಬಲಿಲ್ಲ. "ಯಾವಾಗ ಬಂತ್ರಿ? ಟಪಾಲಿನವ ಈ ಓಣಿಗೆ ಬಂದದ್ದ ಯಾರೂ ನೋಡಿಲ್ಲ" ಎಂದರು. ಆಗ ನಡುಮನೆಯ ಕತ್ತಲೆಯಿಂದ ಗೋದಕ್ಕನ ಧ್ವನಿ: "ಟಪಾಲಿನವ ನಿನ್ನ ಕೇಳಿ ಬರ್ತಾನೇನೋ ನರಹರಿ? ಯಜ್ಞಾ ನನಗ ಓದಿ ಹೇಳ್ಯಾನ, ನಾ ಕಿವಿಯಾರೆ ಕೇಳೀನಿ. ಬದುಕಿದ್ದವನ ಹೆಸರಲೆ ಎಲಿ ಹೊತಗೊಂಡು ಬಾಗಲಿಗೆ ಬಂದೀದ್ಯಲ್ಲ, ಮೊದಲ ಅದನ್ನ ಹೊರಗ ಒಗದು ಕಾಲು ತೊಳಕೋ!" ಭಟ್ಟರು ಹೊರೆಯನ್ನು ಇಳಿಸಿದರು. ಗೋದಕ್ಕನ ಮಾತಿಗೆ ಎದುರಾಡಿದವರು ನಮ್ಮ ಓಣಿಯಲ್ಲಿ ಇಲ್ಲ. ನಮ್ಮ ಮನೆತನದಲ್ಲಿಯೂ ಇಲ್ಲ, ನಿಮ್ಮನ್ನೂ ಸೇರಿಸಿ.

ಭಟ್ಟರು ಈ ದಿನವೇ ನಿಮಗೆ ಬರೆದು ಕೇಳುತ್ತಾರೆ. ಸುದ್ದಿ ಬಂದಿದೆ ಎಂದು ಉತ್ತರ ಬರೆಯಿರಿ. ಬರೆಯಲು ನಿಮ್ಮ ಧರ್ಮ ಒಪ್ಪದಿದ್ದರೆ ಅವರಿಗೆ ಉತ್ತರವನ್ನೇ ಬರೆಯಬೇಡಿರಿ. ಇಷ್ಟಕ್ಕಾಗಿಯೇ ಈ ಪತ್ರ ಎಂದು ತಿಳಿಯಿರಿ, ಮೇಲಿನದೆಲ್ಲ ಪೀಠಿಕೆ.

ಇನ್ನೊಂದು. ನಾನು ಆ ಮಾತು ಹೇಳಿದಾಗ ಇಂದು ಹಿತ್ತಲಿನಲ್ಲಿದ್ದಳು. ಕೈಯಿಂದ ಬಣ್ಣ ಸೋರುತ್ತಿರುವಂತೆಯೇ ಓಡಿ ಬಂದು ನಡುಬಾಗಿಲಲ್ಲಿ ನಿಂತಳು. ಅವಳ ಮುಖವನ್ನು ನಾನು ಬರೆಯಲಾರೆ. ಭಟ್ಟರು ಕಾಲು ತೊಳೆಯಲು ಬಗ್ಗಿದಾಗ, ಯಾರಿಗೂ ಕಾಣದಂತೆ, ಅವಳಿಗೆ ಮಾತ್ರ ಕಾಣುವಂತೆ, ಇಲ್ಲ ಎಂದು ತಲೆಯಲ್ಲಾಡಿಸಿದೆ. ಅವಳು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ, ಕೈ ತೊಳೆದು, ಸಕ್ಕರೆಯ ಡಬ್ಬಿ ತಂದು, ಒಳ್ಳೆಯ ಸುದ್ದಿ ಬಂದ ಮನೆಯವರು ಹಂಚುವಂತೆಯೇ ಕಟ್ಟೆಯ ಮೇಲೆ ನಿಂತವರ ಕೈಗೆಲ್ಲ ಒಂದೊಂದು ಚಿಟಿಕೆ ಹಾಕಿದಳು. ಭಟ್ಟರಿಗೂ ಹಾಕಿದಳು. "ಬಾಯಿ ಸಿಹಿ ಮಾಡಕೋರಿ, ಭಟ್ರ" ಎಂದು ನಗುತ್ತ ಹೇಳಿದಳು.

ಕೊನೆಗೆ ನನ್ನ ಕೈಗೂ ಹಾಕಿದಳು. ಎಲ್ಲರೂ ನೋಡುತ್ತಿದ್ದರು. ತಿಂದೆ.